ಲಿಬರ್ಟಿ ಹಡಗಿನಲ್ಲಿ ಒಂದು ಕತ್ತಲ ಸುತ್ತು

ಬಾಲಿಗೆ ಹೋದವರಲ್ಲಿ ಹೆಚ್ಚಿನವರು ದಕ್ಷಿಣದ ಬೀಚುಗಳಲ್ಲೇ ಉಳಿದುಬಿಡುತ್ತಾರೆ. ವಿಮಾನನಿಲ್ದಾಣದಿಂದ ಈಶಾನ್ಯಕ್ಕೆ ಕಾರಿನಲ್ಲಿ ಮೂರು ತಾಸಿನಷ್ಟು ಹೋದರೆ ತುಲಾಂಬೆನ್ ಎಂಬ ಊರು ಸಿಗುತ್ತದೆ. ಬೆನ್ನಿಗೆ ಅಗುಂಗ್ ಜ್ವಾಲಾಮುಖಿ, ಎದುರಿಗೆ ಕಡಲು, ನಡುವೆ ಕಾಲು ಹೊರಳಿಸುವ ಕಪ್ಪು ಗುಂಡುಕಲ್ಲುಗಳು. ಆಡಲು, ಅಡ್ಡಾಡಲು ಹೇಳಿಮಾಡಿಸಿದ ದಂಡೆಯಲ್ಲ. ಆದರೂ ಜನ ಬರುತ್ತಾರೆ, ಏಕೆಂದರೆ ದಡದಿಂದ ಸ್ವಲ್ಪ ದೂರ ಈಜಿದರೆ ಕೆಳಗೆ 120 ಮೀಟರಿಗೂ ಉದ್ದದ ಹಡಗೊಂದು ಮಗ್ಗುಲಾಗಿ ಮಲಗಿದೆ.

ಅದು ಅಮೆರಿಕದ ಸರಕು ಹಡಗು, ಲಿಬರ್ಟಿ. 1942ರ ಜನವರಿಯಲ್ಲಿ ಲೊಂಬೊಕ್ ಜಲಸಂಧಿಯ ಬಳಿ ಜಪಾನಿನ ಜಲಾಂತರ್ಗಾಮಿಯೊಂದು ಅದಕ್ಕೆ ಟಾರ್ಪೆಡೊ ಹೊಡೆಯಿತು. ಮುಳುಗುವ ಮೊದಲೇ ಎಳೆದು ತಂದು ಈ ದಡಕ್ಕೆ ಹತ್ತಿಸಿದರು. 1963ರಲ್ಲಿ ಅಗುಂಗ್ ಸಿಡಿದಾಗ ಹಡಗು ನೀರಿಗೆ ಜಾರಿತು. ಈಗ ಅದರ ಮೇಲ್ಭಾಗ ಸುಮಾರು 5 ಮೀಟರ್ ಆಳದಲ್ಲಿದೆ, ತಳ 30ರ ಆಸುಪಾಸಿನಲ್ಲಿ.

ನಾನು ಡೈವಿಂಗ್ ಕಲಿತದ್ದು ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ. ಅಲ್ಲಿ ನಮ್ಮದೆಲ್ಲ ಬೆಳಗಿನ ದೋಣಿ, ಹಗಲಿನ ನೀರು. ಕತ್ತಲಲ್ಲಿ ಇಳಿಯುವ ಆಸೆ ಇಲ್ಲಿಗೆ ಎಳೆದು ತಂದಿತು. ಜೊತೆಗೆ ಬಂದ ಗೆಳೆಯನ ಚೀಲದಲ್ಲಿ 5000 ಲ್ಯೂಮೆನ್‌ನ ಭಾರೀ ಟಾರ್ಚು. ಲೀಥಿಯಂ ಬ್ಯಾಟರಿಯಾದ್ದರಿಂದ ಅದನ್ನು ಕೈಚೀಲದಲ್ಲೇ ಒಯ್ಯಬೇಕು. ತಪಾಸಣೆಯವರು ತಿರುವಿ ತಿರುವಿ ನೋಡಿದ್ದರು.

ನಮ್ಮ ಬಾಲಿ ಗೈಡ್ ಕೂಡ ತಿರುವಿ ನೋಡಿದ. "ಇದು ವಿಡಿಯೊ ತೆಗೆಯುವವರಿಗೆ ಚೆನ್ನ. ನಿಮಗೆ ಬೇಡ" ಎಂದು ಪಕ್ಕಕ್ಕಿಟ್ಟು, ಅಂಗೈಯಗಲದ ಟಾರ್ಚು ಕೊಟ್ಟ. ಗೆಳೆಯನ ಮುಖ ಸಣ್ಣಗಾಯಿತು. ಗೈಡ್ ಹೇಳಿದ್ದರಲ್ಲಿ ಅರ್ಥವಿತ್ತು. ಅಗಲವಾಗಿ ಹರಡುವ ಬೆಳಕು ನೀರಿನಲ್ಲಿ ತೇಲುವ ಕಣಗಳಿಗೆಲ್ಲ ತಾಗಿ ಕಣ್ಣಿಗೇ ಮರಳುತ್ತದೆ. ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಿ ಹೈಬೀಮ್ ಹಾಕಿದ ಹಾಗೆ. ಕಿರಿದಾದ ಕಿರಣವಾದರೆ ಕಣಗಳ ನಡುವೆ ತೂರಿ ದೂರ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಅದರಲ್ಲಿ ಮಾತಾಡಬಹುದು. ಮರಳ ಮೇಲೆ ಬೆಳಕಿನ ವೃತ್ತ ಬರೆದರೆ 'ಎಲ್ಲ ಸರಿ'. ಕಿರಣವನ್ನು ಅತ್ತಿತ್ತ ಜೋರಾಗಿ ಬೀಸಿದರೆ 'ತೊಂದರೆ, ಇತ್ತ ನೋಡು'. ಕೈಸನ್ನೆ ಮಾಡಬೇಕಾದರೆ ಟಾರ್ಚನ್ನು ನಮ್ಮ ಕೈಯ ಮೇಲೇ ಬಿಡಬೇಕು, ಎದುರಿನವರ ಮುಖಕ್ಕೆ ಬಿಡಬಾರದು. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಮ್ಮೆ ಕುಕ್ಕಿತೆಂದರೆ ಮತ್ತೆ ಹದಕ್ಕೆ ಬರಲು ಅರ್ಧ ತಾಸಾದರೂ ಹಿಡಿದೀತು.

ಎದೆಪಟ್ಟಿಗೆ ಇನ್ನೊಂದು ಪುಟ್ಟ ಟಾರ್ಚು ಸಿಕ್ಕಿಸಿದ. ಕೈಯಲ್ಲಿರುವುದು ಕೆಟ್ಟರೆ ಇದನ್ನು ಹಚ್ಚಿ ಮೇಲೆ ಬರುವುದು, ಸುತ್ತಾಟ ಮುಂದುವರಿಸುವುದಲ್ಲ.

ಆಮೇಲೆ ಬೆನ್ನಿನ ಗುರುತು. ಸಿಲಿಂಡರಿನ ವಾಲ್ವಿಗೆ ಕಟ್ಟುವ ದೀಪ ನಮಗೆ ಕಾಣುವುದಿಲ್ಲ, ಬೇರೆಯವರಿಗೆ ನಾವು ಕಾಣಲಿ ಎಂದು ಅದು. ಹಿಂದೆಲ್ಲ ರಾಸಾಯನಿಕ ಕಡ್ಡಿ ಕಟ್ಟುತ್ತಿದ್ದರು. ಬಗ್ಗಿಸಿದರೆ ಒಳಗಿನ ಗಾಜಿನ ಕೊಳವೆ ಒಡೆದು ದ್ರವಗಳು ಬೆರೆತು ಬೆಳಗುತ್ತದೆ. ಆರಿಸಲು ಬರುವುದಿಲ್ಲ, ಬೆಳಗಾದರೆ ಕಸ. ನನಗಂತೂ ಅದು ಬೇಡ, ಈ ಕಡಲಲ್ಲಿ ಪ್ಲಾಸ್ಟಿಕ್ಕಿಗೆ ಬರವಿಲ್ಲ. ಬೆರಳುದ್ದದ ಬ್ಯಾಟರಿ ದೀಪ ವರ್ಷಗಟ್ಟಲೆ ಬಾಳುತ್ತದೆ. ಬಣ್ಣ ಹಸಿರು. ನೀರು ಎಲ್ಲಕ್ಕಿಂತ ಮೊದಲು ನುಂಗುವುದು ಕೆಂಪನ್ನು, ಅದನ್ನು ಕಟ್ಟಿಕೊಂಡರೆ ದೂರಕ್ಕೆ ಕಾಣದು. ಮಿನುಗುವ ದೀಪವೂ ಬೇಡ, ಅದು ಅಪಾಯದ ಹೊತ್ತಿಗೆ. ಅಂದು ನೀರಿನಲ್ಲಿ ಇನ್ನೊಂದು ತಂಡವೂ ಇತ್ತು, ಅವರದೂ ಹಸಿರೇ. ಹಾಗಾಗಿ ನಮ್ಮ ಬೆನ್ನಿಗೆ ಒಂದರ ಕೆಳಗೊಂದು ಎರಡು ದೀಪ ಬಿದ್ದವು. ದಡದಲ್ಲೂ ಎರಡು: ಒಂದು ನೀರಂಚಿನಲ್ಲಿ, ಇನ್ನೊಂದು ಹಿಂದೆ, ಎತ್ತರದಲ್ಲಿ. ವಾಪಸಾಗುವಾಗ ಎರಡೂ ಒಂದೇ ಗೆರೆಗೆ ಬಂದರೆ ದಾರಿ ಸರಿ.

ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವಿಟ್ಟು ಕಡಲಿಗೆ ಕೈಮುಗಿದು ಗೈಡ್ ಇಳಿದ, ಹಿಂದೆ ನಾವು.

ಹಡಗಿನ ಒಡಲಲ್ಲಿ ಹಣೆಯುಬ್ಬಿದ ಗಿಳಿಮೀನುಗಳು ನಿದ್ರಿಸುತ್ತಿದ್ದವು, ಒಂದೊಂದೂ ಮೀಟರುದ್ದ. ಕಿರಣದ ಅಂಚನ್ನಷ್ಟೇ ಸೋಕಿಸಿ ಮುಂದೆ ಸಾಗಿದೆವು. ನನ್ನನ್ನು ಕಾಡಿದ್ದು ಸಿಂಹಮೀನು. ಅದು ಟಾರ್ಚಿನ ಪಕ್ಕದಲ್ಲೇ ಹಿಂಬಾಲಿಸಿ ಬರುತ್ತಿತ್ತು. ನಾನು ಅಕ್ಕರೆಯಿಂದ ಬೆಳಕು ಹಿಡಿದ ಚಿಕ್ಕ ಮೀನನ್ನು ಮರುಕ್ಷಣವೇ ಗುಳುಂ ಮಾಡಿತು. ಆಮೇಲೆ ಸಣ್ಣ ಜೀವಗಳ ಮೇಲೆ ಬೆಳಕು ನಿಲ್ಲಿಸುವುದನ್ನೇ ಬಿಟ್ಟೆ.

ಗೈಡ್ ಟಾರ್ಚನ್ನು ಎದೆಗೆ ಒತ್ತಿಕೊಂಡ, ನಾವೂ ಹಾಗೇ ಮಾಡಿದೆವು. ಕತ್ತಲು ಕವಿದದ್ದೇ ತಡ, ಹಡಗಿನ ಬಿರುಕಿನೊಳಗೆ ನೀಲಿ-ಹಸಿರು ಚುಕ್ಕೆಗಳು ಮಿಣುಕತೊಡಗಿದವು. ದೀಪಮೀನುಗಳು. ಅವುಗಳ ಕಣ್ಣಿನ ಕೆಳಗಿನ ಚೀಲದಲ್ಲಿ ಬೆಳಗುವ ಬ್ಯಾಕ್ಟೀರಿಯಾ ವಾಸವಾಗಿರುತ್ತವೆ. ಮೀನು ಅದನ್ನು ಮುಚ್ಚಿ ತೆರೆದು ಮಿನುಗಿಸುತ್ತದೆ. ಕೈಯಾಡಿಸಿದರೆ ಬೆರಳಿನ ಸುತ್ತ ಪ್ಲವಕಗಳ ಕಿಡಿ. 5000 ಲ್ಯೂಮೆನ್ ಉರಿಯುತ್ತಿದ್ದರೆ ಇದರಲ್ಲಿ ಒಂದೂ ಕಾಣುತ್ತಿರಲಿಲ್ಲ. ಗೆಳೆಯನೂ ದಡಕ್ಕೆ ಬಂದ ಮೇಲೆ ಇದನ್ನು ಒಪ್ಪಿದ, ಅರೆಮನಸ್ಸಿನಿಂದ.

ರಾತ್ರಿ ಇಳಿಯುವ ಆಸೆಯಿರುವವರಿಗೆ ನನ್ನ ಮಾತು ಇಷ್ಟು: ದುಬಾರಿಯ ಒಂದು ದೊಡ್ಡ ಟಾರ್ಚಿನ ಬದಲು, ಕಿರಿದಾದ ಕಿರಣದ ಸಾಧಾರಣ ಟಾರ್ಚು ಎರಡು, ಬೆನ್ನಿಗೊಂದು ಸ್ಥಿರ ದೀಪ ಕೊಳ್ಳಿ. ಬ್ಯಾಟರಿ ಹಾಕುವಾಗ ನೀರು ತಡೆಯುವ ರಬ್ಬರ್ ಬಳೆಯ, ಅಂದರೆ ಓ-ರಿಂಗಿನ, ಮೇಲೆ ಕೂದಲೆಳೆಯೋ ಮರಳ ಕಣವೋ ಕೂತಿದೆಯೇ ನೋಡಿ. ನೀರು ಒಳನುಗ್ಗಲು ಅಷ್ಟೇ ಸಾಕು. ಒಂದೇ ಟಾರ್ಚು ಇದ್ದರೆ ಇಳಿಯಬೇಡಿ, ಎರಡನೆಯದನ್ನು ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ.