ನಾಳೆ ತಯಾರಾಗುವ ಊರು

ಕರ್ನಾಟಕದ ಗಡಿಗೆ ಅಂಟಿಕೊಂಡ, ತಮಿಳುನಾಡಿನ ನಮ್ಮ ಹೊಸೂರಿನವರಿಗೆ ರಾಜಕೀಯದ ಹಸಿವು ಸ್ವಲ್ಪ ಜಾಸ್ತಿ. ಬೆಂಗಳೂರಿನ ಸುದ್ದಿಯೂ ಬೇಕು, ಚೆನ್ನೈ ಸುದ್ದಿಯೂ ಬೇಕು. ಸಂಜೆ ಹೊತ್ತು ಬಸ್ ನಿಲ್ದಾಣದ ಸುತ್ತ ಟೀ ಕುಡಿಯುತ್ತ ನಿಂತವರ ಮಾತು ವಿಧಾನಸೌಧದಲ್ಲಿ ಶುರುವಾಗಿ ಸೇಂಟ್ ಜಾರ್ಜ್ ಕೋಟೆಗೆ ಹೋಗಿ, ದಿಲ್ಲಿ ಸುತ್ತಿಕೊಂಡು, ಕೊನೆಗೆ ವಾರ್ಡಿನ ಚರಂಡಿಗೆ ಬಂದು ನಿಲ್ಲುತ್ತದೆ. ಕನ್ನಡದಲ್ಲಿ ಕೇಳಿದ್ದಕ್ಕೆ ತೆಲುಗಿನಲ್ಲಿ ಉತ್ತರ ಬರುತ್ತದೆ, ಆ ಉತ್ತರಕ್ಕೆ ತಮಿಳಿನಲ್ಲಿ ತಕರಾರು ಬರುತ್ತದೆ. ಭಾರತದ ಮೊದಲ ಭಾರತೀಯ ಗವರ್ನರ್ ಜನರಲ್ ಆದ ರಾಜಾಜಿ ಹುಟ್ಟಿದ್ದು ಇಲ್ಲೇ ಪಕ್ಕದ ತೊರಪಳ್ಳಿಯಲ್ಲಿ, 1878ರಲ್ಲಿ. ಹೊಸೂರಿನ ಶಾಲೆಯಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು ಅವರು. ಓದಿಗೆ, ದುಡಿಮೆಗೆ ಗಡಿಯ ಅತ್ತಿಬೆಲೆ ದಾಟುವ ಅಭ್ಯಾಸ ಈ ಸೀಮೆಗೆ ಅಷ್ಟು ಹಳೆಯದು.

2024ರ ಲೋಕಸಭಾ ಚುನಾವಣೆಯಲ್ಲಿ ತಮಿಳುನಾಡಿನವರು ಮತ ಹಾಕಿದ್ದು ಏಪ್ರಿಲ್ 19ಕ್ಕೆ, ಬೆಂಗಳೂರಿನವರು ಏಪ್ರಿಲ್ 26ಕ್ಕೆ. ಮನೆ ಹೊಸೂರಿನಲ್ಲಿ, ಕೆಲಸ ಗಡಿಯಾಚೆ ಬೊಮ್ಮಸಂದ್ರದಲ್ಲೋ ಜಿಗಣಿಯಲ್ಲೋ ಇರುವವನ ಪಾಡೇನು? 19ರಂದು ಅವನ ಕಾರ್ಖಾನೆಯ ಸೈರನ್ ಎಂದಿನಂತೆ ಕೂಗುತ್ತದೆ. ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾರನಾದ ನೌಕರನಿಗೆ ಮತದಾನದ ದಿನ ಸಂಬಳ ಸಮೇತ ರಜೆ ಕೊಡಬೇಕು. ಕಲಮು ಇದೆ, ಆದರೆ ಗುತ್ತಿಗೆ ಕೆಲಸಗಾರ ಸೂಪರ್‌ವೈಸರ್ ಮುಂದೆ ನಿಂತು ಆ ಕಲಮನ್ನು ಹೇಳಿ ರಜೆ ಕೇಳುವುದು ಸುಲಭದ ಮಾತಲ್ಲ. ಬೆಳಿಗ್ಗೆ ಏಳಕ್ಕೇ ಮತಗಟ್ಟೆಯ ಸಾಲಿನಲ್ಲಿ ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡು, ಓಡಿ ಬಸ್ ಹತ್ತುವ ಹುಡುಗರನ್ನು ನೋಡಿದಾಗ ನನಗೆ ನಿಜಕ್ಕೂ ಗೌರವ ಬರುತ್ತದೆ.

ಅವರು ಒತ್ತಿ ಬರುವ ಆ ಗುಂಡಿಯ ಹಿಂದೆ ಒಂದು ಕಥೆಯಿದೆ. ಮತಯಂತ್ರ ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಅಲ್ಲಿ ಆ ಯಂತ್ರದ ಕೆಲಸದಲ್ಲಿ ಮುಂದಾಳಾಗಿದ್ದವರು ಎಸ್. ರಂಗರಾಜನ್ ಎಂಬ ಎಂಜಿನಿಯರ್. ತಮಿಳು ಓದುಗರಿಗೆ ಅವರು ಸುಜಾತಾ. ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು. ಹಗಲು ಜಾಲಹಳ್ಳಿಯಲ್ಲಿ ಎಲೆಕ್ಟ್ರಾನಿಕ್ಸ್, ರಾತ್ರಿ ತಮಿಳು ವಾರಪತ್ರಿಕೆಗಳಿಗೆ ಧಾರಾವಾಹಿ. ಅವರ ‘ಎನ್ ಇನಿಯ ಇಯಂದಿರಾ’ ಕಾದಂಬರಿಯಲ್ಲಿ ಜೀನೋ ಎಂಬ ಯಂತ್ರನಾಯಿ ಇದೆ, ಜೀವಾ ಎಂಬ ಸರ್ವಾಧಿಕಾರಿ ಇದ್ದಾನೆ. ಜನ ಮತ ಹಾಕುವ ಯಂತ್ರದಲ್ಲಿ ಕೈಯಿಟ್ಟವರೇ ಜನಕ್ಕೆ ಮತವೇ ಇಲ್ಲದ ನಾಳೆಯ ಬಗ್ಗೆ ಬರೆದರು ಅನ್ನುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ. ಆ ಯಂತ್ರವೇನೂ ಒಂದೇ ದಿನಕ್ಕೆ ಒಪ್ಪಿಗೆಯಾಗಲಿಲ್ಲ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ನಡೆಯಿತು. 1984ರಲ್ಲಿ ಸುಪ್ರೀಂ ಕೋರ್ಟು, ಕಾನೂನಿನಲ್ಲಿ ಇದಕ್ಕೆ ಜಾಗವಿಲ್ಲ ಎಂದಿತು. ತಿದ್ದಿದ ಕಾನೂನು 1989ರಲ್ಲಿ ಜಾರಿಗೆ ಬಂತು. ದೇಶದ ಎಲ್ಲ ಲೋಕಸಭಾ ಕ್ಷೇತ್ರಕ್ಕೂ ಯಂತ್ರ ಬಂದದ್ದು 2004ಕ್ಕೆ. ನಡುವೆ 1996ರಲ್ಲಿ, ಈರೋಡು ಜಿಲ್ಲೆಯ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ 1033 ಅಭ್ಯರ್ಥಿಗಳು ನಿಂತರು. ರೈತರು ತಮ್ಮ ಸಿಟ್ಟನ್ನು ತೋರಿಸಿದ ರೀತಿ ಅದು. ಮತಪತ್ರವನ್ನು ಪುಸ್ತಕದ ಹಾಗೆ ಹೊಲಿಸಿ ಕೊಡಬೇಕಾಯಿತು.

ಐಸಾಕ್ ಅಸಿಮೋವ್ 1955ರಲ್ಲಿ ಬರೆದ ‘ಫ್ರಾಂಚೈಸ್’ ಕಥೆಯಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಇಡೀ ಅಮೆರಿಕಕ್ಕೆ ಒಬ್ಬನೇ ಮತದಾರ. ಮಲ್ಟಿವ್ಯಾಕ್ ಎಂಬ ಮಹಾಗಣಕ ಆ ಒಬ್ಬನನ್ನು ಆರಿಸಿ, ಏನೇನೋ ಪ್ರಶ್ನೆ ಕೇಳಿ, ಫಲಿತಾಂಶ ಹೇಳಿಬಿಡುತ್ತದೆ. ಒಂದು ಸಾವಿರ ಉಮೇದುವಾರರು, ಒಬ್ಬ ಮತದಾರ — ಈ ಎರಡು ತುದಿಗಳ ನಡುವೆ ಎಲ್ಲೋ ನಮ್ಮ ಹೊಸೂರಿನ ಹುಡುಗ ಬಸ್ಸಿಗೆ ಓಡುತ್ತಿರುತ್ತಾನೆ.

ಬಸ್ಸೆಂದರೆ ನೆನಪಾಯಿತು, ಮೆಟ್ರೋ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಬಂತು. ಅಲ್ಲಿಂದ ಹೊಸೂರಿಗೆ ಸುಮಾರು 23 ಕಿಲೋಮೀಟರ್ ಹಳಿ ಹಾಕುವ ಪ್ರಸ್ತಾವವಿದೆ. ಅಡ್ಡಿ ಬಂದಿರುವುದು ವೋಲ್ಟೇಜಿನದು. ಬೆಂಗಳೂರಿನ ರೈಲಿಗೆ ಹಳಿ ಪಕ್ಕದ ಮೂರನೇ ಕಂಬಿಯಿಂದ 750 ವೋಲ್ಟಿನ ನೇರ ವಿದ್ಯುತ್ ಬರುತ್ತದೆ. ಹೊಸೂರಿನ ಮಾರ್ಗಕ್ಕೆ ಯೋಚಿಸಿರುವುದು ನೆತ್ತಿಯ ಮೇಲಿನ ತಂತಿಯ 25,000 ವೋಲ್ಟಿನ ಪರ್ಯಾಯ ವಿದ್ಯುತ್. ಎರಡೂ ಕೂಡುವುದಿಲ್ಲವಂತೆ. ವಿಮಾನ ನಿಲ್ದಾಣದ್ದು ಇನ್ನೊಂದು ಕಥೆ. 2024ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಹೊಸೂರಿಗೆ 2000 ಎಕರೆಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಘೋಷಿಸಿತು. ಆದರೆ ಬೆಂಗಳೂರು ವಿಮಾನ ನಿಲ್ದಾಣದ ಒಪ್ಪಂದದಲ್ಲಿ, 2033ರವರೆಗೆ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಬಾರದೆಂಬ ಷರತ್ತಿದೆ. ಬೆಳಗೊಂಡಪಳ್ಳಿಯಲ್ಲಿ ಖಾಸಗಿ ರನ್‌ವೇ ಒಂದು ಎಷ್ಟೋ ವರ್ಷಗಳಿಂದ ಇದೆ. ಅಲ್ಲಿಂದ ನಾವು ಟಿಕೆಟ್ ತೆಗೆದುಕೊಂಡು ಹತ್ತುವ ಹಾಗಿಲ್ಲ, ಅಷ್ಟೆ.

ಇನ್ನು ಗ್ರಾಹಕರಾಗಿ ನಾವು ಪಡುವ ಪಾಡು. ಮನೆಯ ಒಂದು ಯಂತ್ರ ಕೆಟ್ಟಿತು. ಕಂಪನಿಯ ಹೆಸರು ಬೇಡ. ಕೊಂಡದ್ದು ಬೆಂಗಳೂರಿನಲ್ಲಿ. ಬೆಂಗಳೂರಿನವರು “ನಿಮ್ಮ ಪಿನ್‌ಕೋಡ್ 635ರಿಂದ ಶುರುವಾಗುತ್ತೆ, ಅದು ತಮಿಳುನಾಡು, ಅಲ್ಲೇ ತೋರಿಸಿ” ಅಂದರು. ಇಲ್ಲಿಯವರು ಬಿಲ್ ನೋಡಿ “ಇದು ಕರ್ನಾಟಕದ್ದು” ಅಂದರು. ಟೋಲ್ ಫ್ರೀ ನಂಬರಿಗೆ ಫೋನು ಹಚ್ಚಿದರೆ, ಸಿಮ್ ತಮಿಳುನಾಡಿನದಾದ್ದರಿಂದ ತಮಿಳಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು. ಕನ್ನಡಕ್ಕೆ ಅಂಕೆಯೇ ಇಲ್ಲ. ನನಗೆ ತಮಿಳು ಬರುತ್ತದೆ, ಕೆಲಸ ಆಯಿತು. ದೇಂಕಣಿಕೋಟೆ ಕಡೆಯ ಹಳ್ಳಿಯಲ್ಲಿ ಕನ್ನಡವೊಂದನ್ನೇ ಬಲ್ಲ ಮುದುಕಿ ಹೊಸ ಫೋನು ಹಿಡಿದು ಕೂತಿದ್ದರೆ ಅವಳು ಏನು ಒತ್ತಬೇಕು? ಈ ಪ್ರಶ್ನೆಯನ್ನು ನಾನು ಸಿಕ್ಕವರನ್ನೆಲ್ಲ ಕೇಳುತ್ತಿರುತ್ತೇನೆ.

ಒಂದು ಸಂಗತಿ ಮಾತ್ರ ಗಡಿಯಲ್ಲಿರುವವರೆಲ್ಲ ತಿಳಿದುಕೊಳ್ಳಬೇಕು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಬೇಕಾದರೆ ವ್ಯಾಪಾರಿ ಇರುವ ಕಡೆಗೋ ವ್ಯವಹಾರ ನಡೆದ ಕಡೆಗೋ ಹೋಗಬೇಕಿತ್ತು. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸವಿರುವ ಊರಿನ, ಇಲ್ಲವೇ ದುಡಿಯುವ ಊರಿನ ಆಯೋಗದಲ್ಲೇ ದೂರು ಹಾಕಬಹುದು. ಸರಕಿಗೆ ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಮನೆ ಇಲ್ಲಿ, ಕೆಲಸ ಅಲ್ಲಿ ಇರುವ ಹೊಸೂರಿನವನಿಗೆ ಎರಡು ಬಾಗಿಲು ತೆರೆದಂತಾಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದರೆ 17 ಭಾಷೆಗಳಲ್ಲಿ ಮಾತಾಡುತ್ತಾರೆ, ಕನ್ನಡವೂ ಅದರಲ್ಲಿದೆ. ಸರ್ಕಾರದ ಸಹಾಯವಾಣಿಗೆ ಆಗುವುದು ಕಂಪನಿಗಳಿಗೆ ಯಾಕೆ ಆಗಬಾರದು?

ಟಿವಿಯದೂ ಇದೇ ಗೋಳು. ಭೂಸ್ಥಿರ ಕಕ್ಷೆಯಲ್ಲಿ ಉಪಗ್ರಹ ನಿಲ್ಲಿಸಿ ಲೋಕಕ್ಕೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲಿ ಲೇಖನ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಆಮೇಲೆ ನಮ್ಮ ನೆರೆಯ ಶ್ರೀಲಂಕಾದಲ್ಲೇ ನೆಲೆಸಿ ವಿಜ್ಞಾನ ಕಾದಂಬರಿಗಳನ್ನು ಬರೆದರು. ಅವರು ಹೇಳಿದ ಹಾಗೆ ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿಯುವ ತರಂಗ ಕರ್ನಾಟಕದ ಆನೇಕಲ್ಲಿನ ಮೇಲೂ ತಮಿಳುನಾಡಿನ ತಳಿಯ ಮೇಲೂ ಒಂದೇ ಸಮನೆ ಬೀಳುತ್ತದೆ. ತಳಿಯಲ್ಲಿ ತಟ್ಟೆ ಹಾಕಿಸಿದವರಿಗೆ ಮಾತ್ರ ‘ತಮಿಳುನಾಡು ಪ್ಯಾಕ್’. ಕನ್ನಡ ಚಾನೆಲ್ಲು ಬೇಕೆಂದರೆ ಒಂದೊಂದಾಗಿ ಕೇಳಿ, ಒಂದೊಂದಕ್ಕೂ ಬೇರೆ ದುಡ್ಡು ಕಟ್ಟಬೇಕು.

ಇಂಥ ಕಿರಿಕಿರಿಯೆಲ್ಲ ಮರೆಸುವುದು ನನಗೆ ಹಳೆಯ ಕೈಗಡಿಯಾರಗಳು. ಈ ಹವ್ಯಾಸಕ್ಕೆ ಹೊಸೂರಿಗಿಂತ ಒಳ್ಳೆಯ ಊರಿಲ್ಲ. ಅತ್ತ ಬೆಂಗಳೂರಿನಲ್ಲಿ ಎಚ್‌ಎಂಟಿ 1961ರಲ್ಲಿ ಕೈಗಡಿಯಾರ ಮಾಡತೊಡಗಿತು. ಇತ್ತ ಹೊಸೂರಿನಲ್ಲಿ ಎಂಬತ್ತರ ದಶಕದಲ್ಲಿ ಟೈಟನ್ ಕಾರ್ಖಾನೆ ಎದ್ದಿತು. ಎಚ್‌ಎಂಟಿ ಜನತಾ ಗಡಿಯಾರದ ಹಿಂಬದಿ ಮುಚ್ಚಳ ತೆಗೆದು ದೀಪದಡಿ ಇಟ್ಟು ನೋಡಬೇಕು. ಕೂದಲೆಳೆಗಿಂತ ತೆಳ್ಳಗಿನ ಸುರುಳಿ ಸ್ಪ್ರಿಂಗು ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುತ್ತಿರುತ್ತದೆ, ಬ್ಯಾಲೆನ್ಸ್ ಚಕ್ರ ಅತ್ತಿಂದಿತ್ತ ತಿರುಗುತ್ತಿರುತ್ತದೆ. ಗಂಟೆಗೆ 18,000 ಬಡಿತ. ಸಣ್ಣ ಕೆಂಪು ಕಲ್ಲುಗಳು 17. ಅವುಗಳ ಗುಳಿಯಲ್ಲಿ ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ. ಅದನ್ನು ತೊಳೆದು, ಸೂಜಿ ಮೊನೆಯಷ್ಟು ಹೊಸ ಎಣ್ಣೆ ಬಿಟ್ಟರೆ ಮತ್ತೆ ಬಡಿತ ಶುರು. ಎಚ್‌ಎಂಟಿ ಕೈಗಡಿಯಾರ ವಿಭಾಗ 2016ರಲ್ಲಿ ಮುಚ್ಚಿತು, ಗಡಿಯಾರ ನಡೆಯುತ್ತಲೇ ಇದೆ. ಟೈಟನ್ನಿನ ಎಡ್ಜ್ ಬೇರೆಯೇ ಸಾಹಸ. 2002ರಲ್ಲಿ ಬಂದ ಆ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರ 1.15 ಮಿಲಿಮೀಟರ್. ನಮ್ಮೂರಿನ ಕೈಗಳು ಮಾಡಿದ್ದು ಅದು.

ಅಷ್ಟೇಕೆ, 1980ರಲ್ಲಿ ದೇಶಕ್ಕೆ ಟಿವಿಎಸ್ 50 ಮೊಪೆಡ್ ಕೊಟ್ಟದ್ದೂ ಹೊಸೂರೇ. ಈಗ ಇದೇ ಜಿಲ್ಲೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳಾಗುತ್ತವೆ, ಐಫೋನಿನ ಹೊರಕವಚವಾಗುತ್ತದೆ. ಬಿಳಿಕೋಟು ಹಾಕಿಕೊಂಡು ಸಣ್ಣ ಸ್ಕ್ರೂ ಬಿಗಿಯುವ ಹುಡುಗಿಯರು ಶಿಫ್ಟ್ ಮುಗಿಸಿ ಬಸ್ಸಿಳಿದು ರಾಗಿ ಹೊಲದ ಬದುವಿನ ಮೇಲೆ ಮನೆಗೆ ನಡೆಯುತ್ತಾರೆ. ಜವಳಗಿರಿ ಕಡೆಯಾದರೆ, ಕೊಯ್ಲಿನ ಕಾಲದಲ್ಲಿ ಬನ್ನೇರುಘಟ್ಟದಿಂದ ಆನೆ ಇಳಿದಿದೆಯೋ ಏನೋ ಎಂದು ವಿಚಾರಿಸಿಕೊಂಡೇ ನಡೆಯಬೇಕು. ಇದಕ್ಕಿಂತ ಒಳ್ಳೆಯ ವಿಜ್ಞಾನ ಕಾದಂಬರಿಯ ಮೊದಲ ಅಧ್ಯಾಯ ಯಾರಿಗೆ ಬೇಕು?

ಕನ್ನಡದಲ್ಲಿ ಈ ಬಗೆಯ ಬರವಣಿಗೆ ಇಲ್ಲವೆಂದಲ್ಲ. ರಾಜಶೇಖರ ಭೂಸನೂರಮಠರು ಒಂಟಿಯಾಗಿ ಈ ದಾರಿ ಕಡಿದರು, ಮನು ಅವರ ‘ಮಹಾಸಂಪರ್ಕ’ವನ್ನು ಓದಿ ಬೆರಗಾದವರು ಬಹಳ. ತೇಜಸ್ವಿಯವರ ‘ಕರ್ವಾಲೊ’ವನ್ನೂ ನಾನು ಈ ಸಾಲಿಗೇ ಸೇರಿಸುತ್ತೇನೆ. ಹಾರುವ ಓತಿಯ ಬೆನ್ನು ಹತ್ತಿ ಹೋದವರು ಕಾಲದ ಬೆನ್ನು ಹತ್ತಿದವರೇ ತಾನೆ? ಆದರೆ ಮೂಡಿಗೆರೆಯ ಕಾಡಿಗೆ ಸಿಕ್ಕಿದ ಹಾಗೆ ಕೈಗಾರಿಕಾ ಪಟ್ಟಣಕ್ಕೆ, ಅದರಲ್ಲೂ ಗಡಿಯ ಪಟ್ಟಣಕ್ಕೆ ಒಬ್ಬ ಕಥೆಗಾರ ಸಿಕ್ಕಿಲ್ಲ.

ಮಳೆ ಬಿದ್ದ ಮಾರನೆಯ ದಿನ ಕೆಲವರಪಳ್ಳಿ ಅಣೆಕಟ್ಟಿಗೆ ಹೋಗಿ ನೋಡಿ. ನಂದಿ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ, ವರ್ತೂರು ಕೆರೆಯ ನೀರನ್ನೂ ಕೂಡಿಸಿಕೊಂಡು ಇಲ್ಲಿಗೆ ಬರುತ್ತದೆ. ಬೆಂಗಳೂರಿನ ಸೋಪು, ಚರಂಡಿ, ಕಾರ್ಖಾನೆ ನೀರು ಎಲ್ಲ ಜೊತೆಗೇ. ಗೇಟಿನಿಂದ ಧುಮುಕಿದ್ದೇ ತಡ, ಬಿಳಿ ನೊರೆ ಆಳೆತ್ತರಕ್ಕೆ ಏಳುತ್ತದೆ. ಗಾಳಿಗೆ ತುಂಡು ತುಂಡಾಗಿ ಹಾರಿ ಹೊಲದ ಮೇಲೆ ಕೂರುತ್ತದೆ, ಮೂಗಿಗೆ ಘಾಟು ಬಡಿಯುತ್ತದೆ. ಅದೇ ನೀರಿನಲ್ಲಿ ಕೃಷಿ. ಈ ನದಿಯ ನೀರಿಗಾಗಿ ತಮಿಳುನಾಡು 2018ರಲ್ಲಿ ಕರ್ನಾಟಕದ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. ನೀರು ಎಷ್ಟು ಬರಬೇಕೆಂದು ವಾದ ಮಾಡುವವರು ನೀರು ಹೇಗಿರಬೇಕೆಂದು ಅಷ್ಟೇ ಜೋರಾಗಿ ವಾದಿಸಲಿ ಎಂಬುದು ನನ್ನ ಆಸೆ. ಅನ್ಯಗ್ರಹವನ್ನು ಕಲ್ಪಿಸಿಕೊಳ್ಳುವ ಲೇಖಕನಿಗೆ ಈ ದಂಡೆಯಲ್ಲಿ ಅರ್ಧ ಗಂಟೆ ಸಾಕು.

ಬರೆಯುವವರು ಯಾರು ಅನ್ನುವುದೇ ನನ್ನ ಚಿಂತೆ. ತಳಿ, ದೇಂಕಣಿಕೋಟೆ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇನ್ನೂ ಇವೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ತಮಿಳು ಒಂದನೇ ತರಗತಿಯಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ವಿನಾಯಿತಿ ಬೇಕೆಂದು ಕೋರ್ಟಿಗೆ ಹೋಗಬೇಕಾಯಿತು. ಮಕ್ಕಳು ತಮಿಳು ಕಲಿಯಲಿ, ಖಂಡಿತ ಕಲಿಯಲಿ. ಸುಜಾತಾರನ್ನು ಮೂಲದಲ್ಲೇ ಓದುವ ಭಾಗ್ಯ ಅದು. ಕನ್ನಡದ ಮೇಷ್ಟ್ರು ನಿವೃತ್ತರಾದ ಜಾಗಕ್ಕೆ ಇನ್ನೊಬ್ಬ ಕನ್ನಡದ ಮೇಷ್ಟ್ರೂ ಬರಲಿ, ಬೆಂಗಳೂರಿನಿಂದ ಪುಸ್ತಕಗಳೂ ಬರಲಿ.

ಆ ಶಾಲೆಗಳಲ್ಲಿ ಒಂದು ವಿಜ್ಞಾನ ಕಥಾ ಸ್ಪರ್ಧೆ ಇಡಬೇಕೆಂದು ಪರಿಚಯದ ಮೇಷ್ಟ್ರುಗಳ ಬಳಿ ಮಾತಾಡುತ್ತಿದ್ದೇನೆ. ವಿಷಯ: 2050ರ ಹೊಸೂರು. ಮೆಟ್ರೋ ವೋಲ್ಟೇಜು ಕೂಡಿಸಲಿ, ನೊರೆ ತಿನ್ನುವ ಮೀನು ಸಾಕಲಿ, ಆನೆಗೂ ಸ್ಕೂಟರಿಗೂ ಮಾತು ಬೆಳೆಸಲಿ, ಅದು ಮಕ್ಕಳಿಗೆ ಬಿಟ್ಟದ್ದು. ಮನೆಯಲ್ಲಿ ಆಡುವ ಕನ್ನಡದಲ್ಲೇ, ತೆಲುಗು ತಮಿಳು ಬೆರೆತಿದ್ದರೆ ಹಾಗೇ ಬರೆಯಬಹುದು. ಮೇಷ್ಟ್ರು ಒಬ್ಬರು ಒಪ್ಪಿದ್ದಾರೆ. ಬಹುಮಾನಕ್ಕೆ ನಾನೇ ತೊಳೆದು ಎಣ್ಣೆ ಹಾಕಿದ ಜನತಾ ಗಡಿಯಾರವೊಂದನ್ನು ತೆಗೆದಿಟ್ಟಿದ್ದೇನೆ. ಪಟ್ಟಿ ಮಾತ್ರ ಹೊಸದು ಹಾಕಿಸಬೇಕು.