ಮಿಶ್ರಿಕೋಟಿಯ ದಾರಿಯಲ್ಲಿ ಹಟ ಹಿಡಿದ ಕೀಲಿಕೈ

ಧಾರವಾಡ ಜಿಲ್ಲೆಯ ನಕಾಶೆಯಲ್ಲಿ ಹುಬ್ಬಳ್ಳಿಯ ಮೇಲೆ ಬೆರಳಿಟ್ಟು ನೈಋತ್ಯಕ್ಕೆ ತುಸುವೇ ಸರಿಸಿದರೆ ಮಿಶ್ರಿಕೋಟಿ ಸಿಕ್ಕುತ್ತದೆ. ಹೆಸರು ಕೇಳಿದ ಹೊರಗಿನವರಿಗೆ ಮೊದಲು ಕಲ್ಲುಸಕ್ಕರೆಯ ನೆನಪಾಗುವುದು ಸಹಜ. ಮನೆ 'ಮನಿ'ಯಾಗುವ ಈ ಸೀಮೆಯ ಮಾತಿನಲ್ಲಿ ಕೋಟೆ 'ಕೋಟಿ'ಯಾಗುತ್ತದೆಂಬುದನ್ನು ಬಲ್ಲವರಿಗೆ ಬೇರೊಂದು ಚಿತ್ರ ಕಣ್ಣ ಮುಂದೆ ನಿಲ್ಲುತ್ತದೆ. ಊರು ಕಲಘಟಗಿ ತಾಲ್ಲೂಕಿಗೆ ಸೇರಿದ್ದು. ಪೂರ್ವದಿಂದ ಬರುವ ಬಯಲುಸೀಮೆಯ ಎರೆನೆಲ ಇಲ್ಲಿ ಮೆಲ್ಲಗೆ ಮುಗಿಯತೊಡಗುತ್ತದೆ. ಪಶ್ಚಿಮದ ಮಲೆನಾಡಿನ ಸೆರಗು ಮೆಲ್ಲಗೆ ಆರಂಭವಾಗುತ್ತದೆ. ಹತ್ತಿ ಮತ್ತು ಗೋವಿನಜೋಳದ ಹೊಲಗಳನ್ನು ನೋಡುತ್ತ ಬಂದ ಪ್ರಯಾಣಿಕನಿಗೆ ಅನತಿ ದೂರದಲ್ಲಿಯೇ ಬತ್ತದ ಗದ್ದೆಯೂ ಮರಗಳ ನೆರಳೂ ಎದುರಾಗುತ್ತವೆ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿ ಪಟ್ಟಣ ಇಲ್ಲಿಗೆ ದೂರವಲ್ಲ.

ರಜೆಯ ದಿನ ಹುಬ್ಬಳ್ಳಿ-ಧಾರವಾಡದ ಸಂಸಾರಗಳು ಕಾರಿನಲ್ಲಿ ಈ ಕಡೆಗೆ ಹೊರಡುವುದುಂಟು. ಕೆಲವರಿಗೆ ಬಂಧುಗಳ ಮನೆ, ಕೆಲವರಿಗೆ ಮದುವೆಯ ಊಟ, ಕೆಲವರಿಗೆ ಬರಿಯ ಗಾಳಿಸಂಚಾರ. ಬುತ್ತಿಯ ಗಂಟು, ನೀರಿನ ತಂಬಿಗೆ, ಮಕ್ಕಳ ಟೊಪ್ಪಿಗೆ, ಎಲ್ಲವೂ ಸಿದ್ಧವಾಗಿರುತ್ತವೆ. ಚಕ್ರದ ಗಾಳಿಯನ್ನು ನೋಡಿಸಿದ್ದಾಗಿರುತ್ತದೆ, ಪೆಟ್ರೋಲು ತುಂಬಿಸಿದ್ದಾಗಿರುತ್ತದೆ. ಯಾರೂ ನೆನೆಯದ ಒಂದೇ ಒಂದು ವಸ್ತುವೆಂದರೆ ಬೆರಳುದ್ದದ ಕೀಲಿಕೈ. ಊರಮುಂದಿನ ಮರದ ಕೆಳಗೆ ಕಾರು ನಿಲ್ಲಿಸಿ ಕೀಲಿಕೈಯನ್ನು ಎಳೆದಾಗ ಅದು ಬಾರದಿದ್ದರೆ? ಅಥವಾ ಸಂಜೆ ಮರಳಿ ಹೊರಡುವ ಹೊತ್ತಿಗೆ ಅದು ತಿರುಗದೆ ಕುಳಿತರೆ? ನಗರದಲ್ಲಿ ಇದು ಅರ್ಧ ಗಂಟೆಯ ಕಿರುಕುಳ. ದೀಪ ಹಚ್ಚುವ ಹೊತ್ತಿನಲ್ಲಿ, ವೃದ್ಧರೂ ಹಸುಗೂಸೂ ಜೊತೆಯಲ್ಲಿರುವಾಗ, ಹಳ್ಳಿಯ ಹಾದಿಯಲ್ಲಿ ಅದೇ ಸಂಗತಿ ದೊಡ್ಡ ಚಿಂತೆಯಾಗುತ್ತದೆ.

ಕೀಲಿಯ ಒಳಗಿನ ಕಥೆ

ಮೈಸೂರು ಸೀಮೆಯವರು ಬೀಗ, ಬೀಗದಕೈ ಎನ್ನುವುದನ್ನು ಧಾರವಾಡದವರು ಕೀಲಿ, ಕೀಲಿಕೈ ಎನ್ನುತ್ತಾರೆ. ಹೆಸರು ಯಾವುದಾದರೂ ಅದು 'ಕೈ'ಯೇ. ಕೀಲಿಯ ಒಳಗೆ ಹೊಕ್ಕು ಒಂದೊಂದು ತುಣುಕನ್ನೂ ಮುಟ್ಟಿ ಎತ್ತುವ ಕೈ. ಕಾರಿನ ಕೀಲಿಯೊಳಗೆ ತಿರುಗುವ ಒಂದು ಉರುಳೆ ಇದೆ. ಅದರಲ್ಲಿ ಸಾಲಾಗಿ ಸಣ್ಣ ಲೋಹದ ಬಿಲ್ಲೆಗಳು, ಅವುಗಳ ಹಿಂದೆ ಕೂದಲಿನಂಥ ಸ್ಪ್ರಿಂಗುಗಳು. ಕೀಲಿಕೈ ಇಲ್ಲದಾಗ ಬಿಲ್ಲೆಗಳು ಹೊರಚಾಚಿ ಉರುಳೆಯನ್ನು ತಡೆದಿರುತ್ತವೆ. ಸರಿಯಾದ ಕೀಲಿಕೈ ಒಳಹೊಕ್ಕಾಗ ಅದರ ಹಲ್ಲುಗಳ ಏರಿಳಿತಕ್ಕೆ ತಕ್ಕಂತೆ ಬಿಲ್ಲೆಗಳೆಲ್ಲ ಒಂದೇ ಮಟ್ಟಕ್ಕೆ ಬಂದು ದಾರಿ ಬಿಡುತ್ತವೆ. ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲಿಯೂ ಇದೇ ಬಗೆಯ ಯುಕ್ತಿಯಿತ್ತು. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಎಂಬಾತ ಅದನ್ನು ಚಪ್ಪಟೆ ಕೀಲಿಕೈಗೆ ಒಗ್ಗಿಸಿ ಜಗತ್ತಿಗೆಲ್ಲ ಹಂಚಿದನು.

ಕೀಲಿಕೈ ಹೊರಬರುವಾಗಲೂ ಅದರ ಹಲ್ಲುಗಳು ಬಿಲ್ಲೆಗಳನ್ನು ಏರಿಸಿ ಇಳಿಸಿಕೊಂಡೇ ಬರಬೇಕು. ಹಾಗೆ ಏರಿಳಿಯಲು ಅವಕ್ಕೆ ಎಡೆ ಇರುವುದು ಒಂದೇ ಸ್ಥಾನದಲ್ಲಿ, ಅಂದರೆ ಕೀಲಿಯನ್ನು ಸಂಪೂರ್ಣವಾಗಿ ಹಿಂದಕ್ಕೆ ತಿರುಗಿಸಿದಾಗ. ಕೂದಲೆಳೆಯಷ್ಟು ಕಡಿಮೆ ತಿರುಗಿಸಿದರೂ ಬಿಲ್ಲೆಗಳು ಕೀಲಿಕೈಯನ್ನು ಕಚ್ಚಿ ಹಿಡಿಯುತ್ತವೆ. ಆದ್ದರಿಂದ ಸಿಕ್ಕಿಬಿದ್ದ ಕೀಲಿಕೈಯನ್ನು ಬಲವಾಗಿ ಎಳೆಯುವುದು ಅವಿವೇಕ. ಎಷ್ಟು ಎಳೆದರೆ ಅಷ್ಟು ಹಟ ಹೆಚ್ಚುತ್ತದೆ. ಕೊನೆಗೆ ಕೀಲಿಕೈ ಮುರಿದು ಅರ್ಧ ಒಳಗೆ, ಅರ್ಧ ಕೈಯಲ್ಲಿ ಉಳಿಯುತ್ತದೆ.

ಹಟಕ್ಕೆ ಕಾರಣಗಳು

ಮೊದಲನೆಯ ಕಾರಣ ಚುಕ್ಕಾಣಿಯ ಚಕ್ರ. 1969ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ತನ್ನ ಬಹುತೇಕ ಕಾರುಗಳಲ್ಲಿ ಕೀಲಿಯನ್ನು ಚುಕ್ಕಾಣಿಯ ಕಂಬಕ್ಕೆ ತಂದು, ಕಳ್ಳರ ಕಾಟಕ್ಕೆಂದು ಚುಕ್ಕಾಣಿಯನ್ನೇ ಬಂಧಿಸುವ ಅಗಳಿಯನ್ನು ಸೇರಿಸಿತು. ಇಂದು ಕೀಲಿಕೈಯಿಂದ ನಡೆಯುವ ಕಾರುಗಳಲ್ಲಿ ಈ ಏರ್ಪಾಡು ಸಾಮಾನ್ಯ. ಹಳ್ಳಿಯ ಏರುತಗ್ಗಿನ ನೆಲದಲ್ಲಿ, ಮುಂದಿನ ಚಕ್ರ ಒಂದು ಕಲ್ಲಿಗೋ ಗಾಡಿಯ ಜಾಡಿಗೋ ಆನಿಕೊಂಡು ಓರೆಯಾಗಿ ನಿಂತಿದ್ದರೆ, ಭಾರವೆಲ್ಲ ಆ ಅಗಳಿಯ ಮೇಲೆ ಬೀಳುತ್ತದೆ, ಕೀಲಿಕೈ ತಿರುಗುವುದಿಲ್ಲ. ಪರಿಹಾರ ಸುಲಭವಾದದ್ದು. ಒಂದು ಕೈಯಿಂದ ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸುತ್ತ ಇನ್ನೊಂದು ಕೈಯಿಂದ ಕೀಲಿಕೈಯನ್ನು ಹಗುರವಾಗಿ ತಿರುಗಿಸಬೇಕು. ಭಾರ ಸಡಿಲಿದ ಕ್ಷಣದಲ್ಲಿ ಕೀಲಿ ತಾನಾಗಿ ಒಪ್ಪುತ್ತದೆ.

ಎರಡನೆಯದು ಗೇರು. ತಾನಾಗಿ ಗೇರು ಬದಲಿಸುವ ಅನೇಕ ಕಾರುಗಳಲ್ಲಿ ಗೇರಿನ ಹಿಡಿ 'ಪಾರ್ಕ್' ಎಂಬ ಸ್ಥಾನಕ್ಕೆ ಪೂರ್ತಿಯಾಗಿ ಬಾರದೆ ಕೀಲಿಕೈ ಹೊರಬರುವುದಿಲ್ಲ. ಕಾರು ಇಳಿಜಾರಿನಲ್ಲಿ ಉರುಳಿಹೋಗದಿರಲೆಂದು ಮಾಡಿದ ವ್ಯವಸ್ಥೆ ಅದು. ಬ್ರೇಕನ್ನು ಒತ್ತಿ ಹಿಡಿದು, ಹಿಡಿಯನ್ನು ಒಮ್ಮೆ ಹಿಂದಕ್ಕೆ ತಂದು ಮತ್ತೆ ಸರಿಯಾಗಿ ಕೂರಿಸಿದರೆ ಸಾಕು. ಇಂಥ ಕೆಲವು ಕಾರುಗಳಲ್ಲಿ ಈ ತಡೆ ವಿದ್ಯುತ್ತಿನಿಂದ ನಡೆಯುತ್ತದೆ. ಬ್ಯಾಟರಿ ಸತ್ತರೆ ಕೀಲಿಕೈಯೂ ಸೆರೆಯಾಗುತ್ತದೆ. ದೀಪಗಳು ಮಂಕಾಗಿದ್ದರೆ, ಹಾರನ್ನು ಕೂಗದಿದ್ದರೆ, ದೋಷ ಕೀಲಿಯದಲ್ಲವೆಂದು ತಿಳಿಯಬೇಕು. ಆಗ ಬೇಕಾದದ್ದು ಇನ್ನೊಂದು ವಾಹನದ ಬ್ಯಾಟರಿಯ ನೆರವು.

ಮೂರನೆಯದು ಧೂಳು, ಈ ಸೀಮೆಯವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಎರೆಮಣ್ಣು ಮಳೆಯಲ್ಲಿ ಅಂಟಿನಂತೆ ಕಾಲು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟು ಹುಡಿಯಾಗಿ ಹಾರುತ್ತದೆ. ತೆರೆದ ಕಿಟಕಿಯಿಂದ ಬಂದ ಆ ನಯವಾದ ಹುಡಿ ಕೀಲಿಯ ಬಾಯನ್ನೂ ಹೊಗುತ್ತದೆ. ಆಗ ಹಲವರು ಅಡುಗೆಮನೆಯ ಎಣ್ಣೆಯನ್ನೋ ಯಂತ್ರದ ಎಣ್ಣೆಯನ್ನೋ ಬಿಡುತ್ತಾರೆ. ಆ ದಿನಕ್ಕೆ ಕೆಲಸ ನಡೆದಂತೆ ತೋರಿದರೂ ಎಣ್ಣೆ ಮುಂದಿನ ಧೂಳನ್ನೆಲ್ಲ ಹಿಡಿದಿಟ್ಟು ರಾಡಿಮಾಡುತ್ತದೆ. ಒಣಗಿದ ಗ್ರಾಫೈಟ್ ಪುಡಿಯೇ ಇದಕ್ಕೆ ತಕ್ಕ ಮದ್ದು. ಅದಿಲ್ಲದಿದ್ದರೆ, ಮತ್ತು ಕೀಲಿಕೈ ಹೇಗೋ ಹೊರಬಂದಿದ್ದರೆ, ಮಕ್ಕಳ ಸೀಸದಕಡ್ಡಿಯನ್ನು ಅದರ ಹಲ್ಲುಗಳಿಗೆ ಉಜ್ಜಿ ಕೆಲವು ಸಲ ಒಳಗೆ ಹೊರಗೆ ಆಡಿಸಬಹುದು. ಸೀಸದಕಡ್ಡಿಯಲ್ಲಿರುವುದು ಸೀಸವಲ್ಲ, ಜೇಡಿಮಣ್ಣು ಬೆರೆಸಿದ ಗ್ರಾಫೈಟೇ.

ನಾಲ್ಕನೆಯದು ಸವೆತ. ಮನೆಯ ಕೀಲಿಕೈ, ಕಪಾಟಿನ ಕೀಲಿಕೈ, ದೇವರ ಪದಕ, ಇವೆಲ್ಲವನ್ನೂ ಒಂದೇ ಬಳೆಗೆ ಪೋಣಿಸಿ ಕಾರಿನ ಕೀಲಿಗೆ ತೂಗುಬಿಡುವುದು ನಮ್ಮ ಮನೆಗಳ ವಾಡಿಕೆ. ರಸ್ತೆಯ ಪ್ರತಿಯೊಂದು ಕುಲುಕಿಗೂ ಆ ಗೊಂಚಲು ಕೀಲಿಯನ್ನು ಜಗ್ಗುತ್ತದೆ. ನಕಲಿನಿಂದ ನಕಲು ಮಾಡಿಸಿದ ಕೀಲಿಕೈಯೂ ಹೀಗೆಯೇ. ಮೊದಲ ನಕಲಿನ ತಪ್ಪು ಎರಡನೆಯದರಲ್ಲಿ ಬೆಳೆಯುತ್ತದೆ. ಕಾರಿನೊಡನೆ ಬಂದ ಎರಡನೆಯ ಕೀಲಿಕೈಯನ್ನು ಸವೆಯಗೊಡದೆ ಕಾಯ್ದಿಟ್ಟು, ನಕಲು ಬೇಕಾದಾಗ ಅದರಿಂದಲೇ ತೆಗೆಸುವುದು ಜಾಣತನ. ಇತ್ತೀಚಿನ ಕೀಲಿಕೈಗಳ ತಲೆಯಲ್ಲಿ ಸಣ್ಣದೊಂದು ವಿದ್ಯುನ್ಮಾನ ಗುರುತು ಅಡಗಿರುತ್ತದೆ. ಬೀದಿಬದಿಯಲ್ಲಿ ಲೋಹವನ್ನಷ್ಟೆ ಕೊರೆಸಿದ ನಕಲು ಅಂಥ ಕಾರಿನ ಬಾಗಿಲು ತೆರೆದೀತು, ಎಂಜಿನನ್ನು ನಡೆಸಲಾರದು.

ಊರು ಬಿಟ್ಟು ಊರಿನಲ್ಲಿ

ಯಾವ ಉಪಾಯವೂ ಫಲಿಸದಿದ್ದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೀಲಿಕೈ ತಿರುಗುತ್ತದೆಯೇ? ಹೊರಬಾರದಿದ್ದರೂ ಎಂದಿನಂತೆ ತಿರುಗುತ್ತಿದ್ದರೆ, ಚುಕ್ಕಾಣಿ ಬಿಡುಬೀಸಾಗಿ ಆಡುತ್ತಿದ್ದರೆ, ಭಯಕ್ಕೆ ಕಾರಣವಿಲ್ಲ. ಕಾರು ನಡೆಯುತ್ತದೆ, ಅದನ್ನು ನೇರವಾಗಿ ಹುಬ್ಬಳ್ಳಿಗೆ ಒಯ್ದು ಬಲ್ಲವರ ಕೈಗೆ ಒಪ್ಪಿಸಬಹುದು. ಚಲಿಸುತ್ತಿರುವಾಗ ಮಾತ್ರ ಕೀಲಿಕೈಗೆ ಕೈ ಹಚ್ಚಬಾರದು. ಎಂಜಿನು ನಿಂತು ಚುಕ್ಕಾಣಿ ಬಂಧನಕ್ಕೊಳಗಾದರೆ ಪ್ರಾಣಕ್ಕೇ ಸಂಚಕಾರ.

ಕೀಲಿಕೈ ಮುರಿದು ಒಳಗೇ ಉಳಿದಿದ್ದರೆ ಇನ್ನೊಂದನ್ನು ತುರುಕಬಾರದು. ತುಂಡು ಮತ್ತಷ್ಟು ಒಳಗೆ ಸರಿಯುತ್ತದೆ. ರಾತ್ರಿ ಅಲ್ಲಿಯೇ ಕಳೆಯುವುದಾದರೆ ಬ್ಯಾಟರಿಯ ಋಣತಂತಿಯನ್ನು ಕಳಚಿಡಬೇಕು. ಇಲ್ಲವಾದರೆ ಬೆಳಗಾಗುವುದರೊಳಗೆ ಬ್ಯಾಟರಿ ಬರಿದಾದೀತು. ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳ ವಿಷಯ. ಹಿರಿಯರೆಲ್ಲ ಮೆಕ್ಯಾನಿಕನನ್ನು ಹುಡುಕುವ ಗಡಿಬಿಡಿಯಲ್ಲಿರುವಾಗ, ಕೀಲಿಕೈ ಸಿಕ್ಕಿಬಿದ್ದ ಕಾರಿನೊಳಗೆ ಮಗುವನ್ನು ಒಂಟಿಯಾಗಿ ಬಿಡಲೇಬಾರದು. ಕುತೂಹಲದ ಕೈಗೆ ಒಂದು ತಿರುವು ಸಾಕು, ಗೇರಿನಲ್ಲಿರುವ ಕಾರು ಮುಂದಕ್ಕೆ ನೆಗೆಯುತ್ತದೆ. ಮುಚ್ಚಿದ ಕಾರಿನ ಬೇಸಿಗೆಯ ಸೆಕೆಯಂತೂ ಅದಕ್ಕಿಂತ ಕ್ರೂರ.

ಮೋಟಾರಿಗೆ ಕೀಲಿಕೈಯ ನಂಟು ಹಳೆಯದೇನಲ್ಲ. ಮೊದಲ ಕಾರುಗಳನ್ನು ಮುಂದಿನಿಂದ ಕಬ್ಬಿಣದ ಹಿಡಿ ತಿರುವಿ ಎಬ್ಬಿಸಬೇಕಾಗಿತ್ತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಚಾಲಕ ಬಂದಿತು. ಕೀಲಿಕೈಯನ್ನು ತಿರುಗಿಸಿದೊಡನೆ ಎಂಜಿನು ಏಳುವ ಸೌಕರ್ಯವನ್ನು ಕ್ರೈಸ್ಲರ್ ಸಂಸ್ಥೆ ತಂದುದು 1949ರಲ್ಲಿ. ಈಗ ಗುಂಡಿಯೊತ್ತಿದರೆ ನಡೆಯುವ ಕಾರುಗಳು ಬಂದು, ಕೀಲಿಕೈ ಮೆಲ್ಲಗೆ ಜೇಬಿನ ಡಬ್ಬಿಯಾಗಿ ಮಾರ್ಪಡುತ್ತಿದೆ. ಒಂದು ಶತಮಾನವೂ ತುಂಬದ ಬಾಳು ಅದರದು.

ಎತ್ತಿನ ಗಾಡಿಗೆ ಇಂಥ ಕೀಲಿಯಿರಲಿಲ್ಲ. ಅಚ್ಚಿನ ತುದಿಯಲ್ಲಿ ಚಕ್ರವನ್ನು ಹಿಡಿದಿಡುವ ಕಡಾಣಿಯೊಂದಿತ್ತು. ಒಕ್ಕಲಿಗನು ಗಾಡಿ ಹೂಡುವ ಮುನ್ನ ಅದನ್ನೊಮ್ಮೆ ಮುಟ್ಟಿ ನೋಡುತ್ತಿದ್ದನು. ಅಷ್ಟು ದೊಡ್ಡ ಗಾಡಿಯ ಭರವಸೆಯೆಲ್ಲ ಅಷ್ಟು ಸಣ್ಣ ಕಬ್ಬಿಣದ ಮೇಲೆ ನಿಂತಿದೆಯೆಂಬುದನ್ನು ಅವನು ಬಲ್ಲವನಾಗಿದ್ದನು. ಮಿಶ್ರಿಕೋಟಿಯ ಕಡೆಗೆ ಹೊರಡುವ ಸಂಸಾರಗಳು ಬುತ್ತಿಯ ಗಂಟಿನೊಡನೆ ಎರಡನೆಯ ಕೀಲಿಕೈಯನ್ನೂ ಇನ್ನೊಬ್ಬರ ಜೇಬಿನಲ್ಲಿ ಇಟ್ಟುಕೊಂಡರೆ, ಸಂಜೆಯ ದಾರಿ ಅಷ್ಟರಮಟ್ಟಿಗೆ ಹತ್ತಿರವಾಗುತ್ತದೆ.