ಹಲ್ಲುಗಳ ಲೆಕ್ಕವೂ ಮೋಟಾರಿನ ಬಿಸಿಯೂ

ಈ ಹೈಸ್ಕೂಲಿನ ವಿಜ್ಞಾನ ಸಂಘದ ಹುಡುಗಿಯರು ರೇಡಿಯೋ ಮೂಲಕ ನಡೆಯುವ ಚಿಕ್ಕ ಕಾರೊಂದನ್ನು ಕಟ್ಟಿ ಓಡಿಸುತ್ತಿರುವ ಸಂಗತಿಯನ್ನು ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಕೇಳಿರಬಹುದು. ಆಟದ ಸಾಮಾನಿಗಾಗಿ ಹೆಣ್ಣುಮಕ್ಕಳ ಓದಿನ ಹೊತ್ತನ್ನು ಏಕೆ ಕಳೆಯಬೇಕೆಂದು ತಾಯಿಯೊಬ್ಬರು ನಮ್ಮನ್ನು ಕೇಳಿದ್ದುಂಟು. ಪ್ರಶ್ನೆಯು ನ್ಯಾಯವಾದದ್ದೇ. ಅದಕ್ಕೆ ವಾದದಿಂದ ಉತ್ತರ ಕೊಡುವುದಕ್ಕಿಂತ, ಆ ಕಾರಿನ ಮೋಟಾರು ಸುಟ್ಟುಹೋಗದಂತೆ ಹುಡುಗಿಯರು ಉಳಿಸಿಕೊಂಡ ಬಗೆಯನ್ನು ಹೇಳುವುದೇ ಮೇಲೆಂದು ತೋರುತ್ತದೆ.

ಕಾರು ಜಪಾನಿನ ತಮಿಯಾ ಕಂಪೆನಿಯವರು 2013ರಲ್ಲಿ ಹೊರತಂದ ಟಿಟಿ-02 ಎಂಬ ಮಾದರಿಯದು. ಮೋಟಾರಿನ ಅಚ್ಚಿಗೆ ಸಿಕ್ಕಿಸುವ ಚಿಕ್ಕ ಹಲ್ಲುಚಕ್ರಕ್ಕೆ ಪಿನಿಯನ್ ಎಂದೂ, ಅದು ತಿರುಗಿಸುವ ದೊಡ್ಡ ಚಕ್ರಕ್ಕೆ ಸ್ಪರ್ ಎಂದೂ ಹೆಸರು. ಕಾರಿನೊಡನೆ ಬರುವ ಪಿನಿಯನ್ನಿಗೆ 22 ಹಲ್ಲು, ಸ್ಪರಿಗೆ 70 ಹಲ್ಲು. 70ನ್ನು 22ರಿಂದ ಭಾಗಿಸಿ, ಒಳಗಿನ ಉಳಿದ ಗಿಯರುಗಳ ಪ್ರಮಾಣವಾದ 2.6ರಿಂದ ಗುಣಿಸಿದರೆ 8.27 ಆಗುವುದು. ಅಂದರೆ ಗಾಲಿಯು ಒಂದು ಸುತ್ತು ತಿರುಗಬೇಕಾದರೆ ಮೋಟಾರು 8.27 ಸುತ್ತು ತಿರುಗಬೇಕು.

ನೆರೆಯ ಶಾಲೆಯೊಂದರ ಹುಡುಗರೊಡನೆ ಪಂದ್ಯವು ಗೊತ್ತಾದಾಗ, ವೇಗವನ್ನು ಬಯಸಿದ ನಮ್ಮ ಹುಡುಗಿಯರು 25 ಹಲ್ಲಿನ ಪಿನಿಯನ್ನನ್ನು ಹಾಕಿದರು. ಪ್ರಮಾಣವು 7.28ಕ್ಕೆ ಇಳಿಯಿತು. ಹುಲ್ಲು ಬೆಳೆದ ಆಟದ ಬಯಲಿನಲ್ಲಿ ಆರು ನಿಮಿಷ ಓಡಿಸುವಷ್ಟರಲ್ಲಿ ಕಮಟು ವಾಸನೆ ಬಂದಿತು. ದೂರದಿಂದಲೇ ಬಿಸಿಯನ್ನು ಅಳೆಯುವ ಉಷ್ಣಮಾಪಕವನ್ನು ಹಿಡಿದು ನೋಡಲಾಗಿ ಮೋಟಾರು 94 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಸಂಘದ ಚಂದಾ ಹಣವೆಲ್ಲ ಮುಗಿದಿದ್ದಿತು. ಎರಡನೆಯ ಮೋಟಾರನ್ನು ಕೊಳ್ಳುವ ಅನುಕೂಲವಿರಲಿಲ್ಲ. ಪಂದ್ಯಕ್ಕೆ ಇನ್ನು ಒಂದೇ ವಾರ.

ಬಿಸಿಯ ಕಾರಣವನ್ನು ಅವರು ಪಾಠದ ಪುಸ್ತಕದಿಂದಲೇ ಹುಡುಕಿ ತೆಗೆದರು. ಮೋಟಾರು ವೇಗವಾಗಿ ತಿರುಗುತ್ತಿರುವಾಗ ಬ್ಯಾಟರಿಯ ಒತ್ತಡಕ್ಕೆ ಎದುರಾದ ಒಂದು ಒತ್ತಡವನ್ನು ತಾನೇ ಹುಟ್ಟಿಸುತ್ತದೆ. ಆದುದರಿಂದ ಅದರೊಳಗೆ ಹರಿಯುವ ವಿದ್ಯುತ್ತು ಮಿತವಾಗಿರುವುದು. ಹೊರೆ ಹೆಚ್ಚಿ ಅದರ ವೇಗ ಕುಗ್ಗಿದರೆ ಈ ಎದುರೊತ್ತಡವೂ ಕುಗ್ಗಿ, ವಿದ್ಯುತ್ತು ನುಗ್ಗಿ ಬರುತ್ತದೆ. ವಿದ್ಯುತ್ತು ಎರಡರಷ್ಟಾದರೆ ತಂತಿಯ ಸುರುಳಿಯಲ್ಲಿ ಹುಟ್ಟುವ ಬಿಸಿಯು ನಾಲ್ಕರಷ್ಟಾಗುವುದು. ದೊಡ್ಡ ಪಿನಿಯನ್ನು ಹಾಕುವುದೆಂದರೆ ಏರುದಾರಿಯಲ್ಲಿ ಗಿಯರು ಬದಲಿಸದೆ ಸೈಕಲನ್ನು ಕಷ್ಟಪಟ್ಟು ತುಳಿದಂತೆ. ಬಿಸಿ ಮಿತಿಮೀರಿದರೆ ತಂತಿಯ ಮೇಲಿನ ಹೊದಿಕೆ ಸುಡುವುದು, ಅಯಸ್ಕಾಂತವು ಶಕ್ತಿಗುಂದುವುದು.

ಫ್ಯಾನು ಕಟ್ಟೋಣವೆಂದು ಒಬ್ಬಳೆಂದಳು. ಫ್ಯಾನು ಹುಟ್ಟಿದ ಬಿಸಿಯನ್ನು ಹೊರಗೆ ಸಾಗಿಸುವುದೇ ಹೊರತು ಬಿಸಿ ಹುಟ್ಟುವುದನ್ನು ತಡೆಯಲಾರದೆಂದು ಹತ್ತನೆಯ ತರಗತಿಯ ಮತ್ತೊಬ್ಬಳು ಉತ್ತರವಿತ್ತು, 19 ಹಲ್ಲಿನ ಪಿನಿಯನ್ನನ್ನು ಸೂಚಿಸಿದಳು. ಪ್ರಮಾಣವು 9.58 ಆಯಿತು. ಗಾಲಿಯ ಅಡ್ಡಳತೆ 64 ಮಿಲಿಮೀಟರ್. ಸುತ್ತಳತೆ ಸುಮಾರು 201. ಹೀಗಾಗಿ ಮೋಟಾರಿನ ಒಂದು ಸುತ್ತಿಗೆ ಕಾರು 25 ಹಲ್ಲಿನಲ್ಲಿ 27.6 ಮಿಲಿಮೀಟರ್ ಸಾಗುತ್ತಿದ್ದರೆ, 19 ಹಲ್ಲಿನಲ್ಲಿ 21 ಮಾತ್ರ ಸಾಗುವುದು. ಅದೇ ಬಯಲಿನಲ್ಲಿ ಅಷ್ಟೇ ಹೊತ್ತು ಓಡಿಸಿದ ಮೇಲೆ ಮೋಟಾರು 68 ಡಿಗ್ರಿಯಲ್ಲಿ ನಿಂತಿತು.

ವೇಗ ಹೋಯಿತೆಂದು ಕೆಲವರು ಮುಖ ಬಾಡಿಸಿದರು. ಆದರೆ ಗಡಿಯಾರ ಹಿಡಿದು ನೋಡಿದಾಗ, ತಿರುವುಗಳೇ ತುಂಬಿದ ಆ ಹಾದಿಯಲ್ಲಿ ಒಂದು ಸುತ್ತಿನ ಹೊತ್ತು ಕಡಿಮೆಯೇ ಆಗಿದ್ದಿತು. ದೊಡ್ಡ ಪಿನಿಯನ್ನಿನ ಪರಮವೇಗವನ್ನು ಮುಟ್ಟುವಷ್ಟು ನೇರವಾದ ದಾರಿಯೇ ಅಲ್ಲಿರಲಿಲ್ಲ. ಪ್ರತಿ ತಿರುವಿನಿಂದ ಚುರುಕಾಗಿ ಹೊರಡುವುದೇ ಲಾಭವಾಯಿತು.

ಹಾಗೆಂದು ಪಿನಿಯನ್ನು ಚಿಕ್ಕದಾದಷ್ಟೂ ಒಳ್ಳೆಯದೆಂದು ತಿಳಿಯತಕ್ಕದ್ದಲ್ಲ. ಅತಿ ಚಿಕ್ಕದಾದರೆ ಮೋಟಾರು ವ್ಯರ್ಥವಾಗಿ ಬಿರುಸಾಗಿ ಸುತ್ತಿ ಬ್ರಷ್ಷುಗಳನ್ನು ಸವೆಯಿಸುವುದು, ಕಾರು ಮಾತ್ರ ಮುಂದೆ ಸಾಗದು. ಆದುದರಿಂದ ಹುಡುಗಿಯರು ಇಟ್ಟುಕೊಂಡ ನಿಯಮವು ಇದು: ಚಿಕ್ಕ ಪಿನಿಯನ್ನಿನಿಂದ ಆರಂಭಿಸಿ, ಎರಡು ಮೂರು ನಿಮಿಷ ಓಡಿಸಿ, ಬಿಸಿಯನ್ನು ಅಳೆದು, ಒಂದೊಂದೇ ಹಲ್ಲು ಹೆಚ್ಚಿಸಬೇಕು, 80 ಡಿಗ್ರಿಯನ್ನು ದಾಟಗೊಡಬಾರದು. ದೊಡ್ಡ ಗಾಲಿ ಹಾಕಿದರೂ, ನೆಲ ಬದಲಾದರೂ ಮತ್ತೆ ಅಳೆಯಬೇಕು. ಹಲ್ಲುಗಳು ಒಂದಕ್ಕೊಂದು ಬಿಗಿದು ಕೂತಿದ್ದರೆ, ಅಥವಾ ಬೇರಿಂಗಿನಲ್ಲಿ ಮಣ್ಣು ಸೇರಿದ್ದರೆ, ಪಿನಿಯನ್ನನ್ನು ದೂರುವ ಮೊದಲು ಅವನ್ನು ಸರಿಪಡಿಸಬೇಕು.

ಪಂದ್ಯದಲ್ಲಿ ನಮ್ಮವರು ಎರಡನೆಯವರಾಗಿ ಬಂದರು. ಮೋಟಾರು ಇಂದಿಗೂ ಅದೇ ಇದೆ. ಹಲ್ಲು, ಪ್ರಮಾಣ, ನೆಲ, ನಿಮಿಷ, ಬಿಸಿ ಎಂಬ ಐದು ಸಾಲುಗಳ ಅವರ ಲೆಕ್ಕದ ಪುಸ್ತಕವನ್ನು ವಿಜ್ಞಾನದ ಕೋಣೆಯಲ್ಲಿ ಇರಿಸಿದೆ. ಶಾಲೆಗೆ ಬರುವ ಹೆತ್ತವರು ಅದನ್ನು ತೆರೆದು ನೋಡಬೇಕಾಗಿ ಕೋರುತ್ತೇವೆ. ಬರೆದವಳು ಪಕ್ಕದಲ್ಲಿ ನಿಂತು ವಿವರಿಸುವಳು.